ರಿಲಕ್ಟೆಂಟ್ ಅಂದರೆ ಹಿಂಜರಿಕೆ, ಹಿಂಜರಿಕೆ ಅಂದರೆ?

ಅಕ್ಕನ ಮಗಳು ಒಂಬತ್ತನೇ ತರಗತಿ. ನವಲಗುಂದದ ಕಡೆಯ ಹಳ್ಳಿ, ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ದಸರೆ ರಜೆಯಲ್ಲಿ ಹೋದಾಗ ಕಟ್ಟೆಯ ಮೇಲೆ ಕೂತು ಇಂಗ್ಲಿಷ್ ನೋಟ್‌ಬುಕ್ ಹಿಡಿದು ತೂಗುತ್ತಾ ಬಾಯಿಪಾಠ ಮಾಡುತ್ತಿದ್ದಳು. ಪುಟದ ನಡುವೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಒಂದು ಪಾಠಕ್ಕೆ ಇಪ್ಪತ್ತೆಂಟು ಪದ. ನೋಟ್‌ಬುಕ್ ಇಸಿದುಕೊಂಡು ನಡುವೆ ಎಲ್ಲೋ ಒಂದರ ಮೇಲೆ ಬೆರಳಿಟ್ಟೆ.

"ರಿಲಕ್ಟೆಂಟ್?"

"ಹಿಂಜರಿಕೆಯುಳ್ಳ." ಕೇಳಿ ಮುಗಿಯುವ ಮೊದಲೇ ಉತ್ತರ ಬಂತು.

"ಹಿಂಜರಿಕೆ ಅಂದ್ರೇನವಾ?"

ಪುಟ ನೋಡಿದಳು, ನನ್ನ ಮುಖ ನೋಡಿದಳು. "ಗೊತ್ತಿಲ್ಲ ಮಾಮಾ. ಬೋರ್ಡ್ ಮ್ಯಾಲ ಬರದಿದ್ರು."

"ಸೋಮವಾರ ಮುಂಜಾನೆ ಸಾಲಿಗೆ ಹೋಗಾಕ ಮನಸಿರೂದಿಲ್ಲ, ಅವ್ವ ಬಿಡೂದಿಲ್ಲ. ಆವಾಗ ಹೆಂಗ ಹೊಂಟಿರ್ತಿ?"

ನಕ್ಕಳು. "ವಲ್ಲದ ಮನಸಿಲೆ."

"ಅದ ನೋಡು ರಿಲಕ್ಟೆಂಟ್."

ಆ ಹುಡುಗಿ ದಡ್ಡಿಯಲ್ಲ, ಪಾಠ ಮಾಡಿದ ಶಿಕ್ಷಕರು ಸೋಮಾರಿಯೂ ಅಲ್ಲ. ಕೆಂಪು ಗೆರೆಯ ಎರಡೂ ಬದಿಯಲ್ಲಿ ಅವಳಿಗೆ ಗೊತ್ತಿಲ್ಲದ ಪದಗಳಿದ್ದವು, ಅಷ್ಟೆ. ಗೊತ್ತಿಲ್ಲದ ಒಂದನ್ನು ಗೊತ್ತಿಲ್ಲದ ಇನ್ನೊಂದಕ್ಕೆ ಗಂಟು ಹಾಕಿ ಬಾಯಿಪಾಠ ಮಾಡಿದ್ದಳು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಪಿಯುಸಿಯ ಮೊದಲ ಕ್ಲಾಸಿನಲ್ಲಿ ಇದು ಕೈಕೊಡುತ್ತದೆ.

ಇದು ಒಬ್ಬಳ ಕತೆಯಲ್ಲ. ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಪರೀಕ್ಷಿಸಿದ 2023ರ ಅಸರ್ (ಶಿಕ್ಷಣ ಸ್ಥಿತಿಯ ವಾರ್ಷಿಕ ವರದಿ) ಸಮೀಕ್ಷೆಯಲ್ಲಿ ಇಂಗ್ಲಿಷಿನ ಸಣ್ಣ ವಾಕ್ಯಗಳನ್ನು ಓದಬಲ್ಲವರು ಶೇ. 57.3ರಷ್ಟು ಸಿಕ್ಕರು. ಓದಿದವರಿಗೆ ಅರ್ಥವನ್ನೂ ಕೇಳಿದಾಗ ಹೇಳಿದವರು ಅವರಲ್ಲಿ ಶೇ. 73.5 ಮಾತ್ರ. ಲೆಕ್ಕ ಹಾಕಿ ನೋಡಿ: ನೂರು ಮಂದಿಯಲ್ಲಿ 57 ಜನ ಓದಿದರು, 42 ಜನಕ್ಕೆ ಅರ್ಥವಾಯಿತು. ನಡುವಿನ ಹದಿನೈದು ಮಂದಿ ಅಕ್ಷರ ಕೂಡಿಸಿ ಸರಾಗ ಓದಿದರು, ಏನು ಓದಿದೆವೆಂದು ಮಾತ್ರ ತಿಳಿಯಲಿಲ್ಲ. ನಮ್ಮ ಕಡೆ ಮಂತ್ರ ಹೇಳುವವರು ಎಷ್ಟೋ ಜನ ಹೀಗೇ ಹೇಳುತ್ತಾರೆ ಅನ್ನಿ. ಆದರೆ ಮಂತ್ರದಿಂದ ಅರ್ಜಿ ತುಂಬಬೇಕಾಗಿಲ್ಲ.

ಕನ್ನಡದಲ್ಲಿ ಅರ್ಥ ಕೊಡುವುದೇ ತಪ್ಪು, ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಅನ್ನುವವರು ಬಹಳ ಜನ. ನನಗೆ ಒಪ್ಪಿಗೆಯಿಲ್ಲ. ಹತ್ತು ಸೆಕೆಂಡಿನಲ್ಲಿ "ತಾಳ್ಮೆ" ಎಂದು ಹೇಳಿ ಮುಗಿಸಬಹುದಾದ್ದಕ್ಕೆ ಹತ್ತು ನಿಮಿಷ ಮೂಕಾಭಿನಯ ಯಾಕೆ? ಅರ್ಥವೇನೋ ಕನ್ನಡದಲ್ಲೇ ಇರಲಿ, ಅದು ಯಾರ ಕನ್ನಡ ಎನ್ನುವುದು ಪ್ರಶ್ನೆ. ಗೈಡುಗಳ ಕನ್ನಡ ಹೆಚ್ಚಿನಂಶ ಸಂಸ್ಕೃತದ ಕೋಟು ಹಾಕಿಕೊಂಡದ್ದು. ಗ್ರ್ಯಾಟಿಟ್ಯೂಡ್ ಎಂದರೆ ಕೃತಜ್ಞತೆ, ಜೆನರಸ್ ಎಂದರೆ ಉದಾರಿ, ಆಬ್‌ಸ್ಟಕಲ್ ಎಂದರೆ ಪ್ರತಿಬಂಧಕ. ಮನೆಯಲ್ಲಿ ಮಗು ಕೇಳುವುದು "ಉಪಕಾರ ಮರೀಬ್ಯಾಡ", "ಕೈ ದೊಡ್ಡದು", "ಅಡ್ಡಿ". ಈ ಮಾತುಗಳೂ ಅರ್ಥವೇ, ಪಟ್ಟಿಯಲ್ಲಿರುವುದಕ್ಕಿಂತ ಗಟ್ಟಿಯಾದ ಅರ್ಥ.

ಕಿಟೆಲ್ ಇದನ್ನು ಅರಿತವರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ. ನನ್ನ ಕಣ್ಣಿಗೆ ಸಂಖ್ಯೆಗಿಂತ ದೊಡ್ಡದಾಗಿ ಕಾಣುವುದು ಪದದ ಜೊತೆ ಅವರು ಕೊಡುವ ಗಾದೆ, ಜನ ಆಡುವ ಮಾತು. ಪದವನ್ನು ಒಂಟಿಯಾಗಿ ನಿಲ್ಲಿಸಲು ಅವರಿಗೆ ಮನಸ್ಸಿರಲಿಲ್ಲ. ನೂರಮೂವತ್ತು ವರ್ಷದ ಮೇಲೆ ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಪದಗಳು ಅನಾಥವಾಗಿ ಸಾಲು ನಿಂತಿವೆ.

ಇನ್ನು, ಯಾವ ಪದ? ಪಟ್ಟಿಗೆ ಪದ ಆರಿಸುವ ಪದ್ಧತಿ ಎಲ್ಲೆಡೆ ಒಂದೇ: ಪಾಠದಲ್ಲಿ ಕಷ್ಟವಾಗಿ ಕಂಡದ್ದನ್ನು ಎತ್ತಿ ಬೋರ್ಡಿನ ಮೇಲೆ ಬರೆಯುವುದು. ಸಮುದ್ರಯಾನದ ಪಾಠವಿದ್ದರೆ ಹಡಗಿನ ಪಟಕಂಬಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದು ಮೊದಲ ಸಾಲಿಗೇ ಬರುತ್ತದೆ. ನವಲಗುಂದದ ಹುಡುಗಿಗೆ ಆ ಪದ ಜೀವಮಾನದಲ್ಲಿ ಮತ್ತೊಮ್ಮೆ ಎದುರಾದರೆ ಪುಣ್ಯ. ಅದೇ ಪುಟದಲ್ಲಿ ನಾಲ್ಕು ಸಲ ಬಂದ "ಆಲ್‌ದೋ", "ಅನ್‌ಲೆಸ್", "ಇನ್‌ಸ್ಟೆಡ್" ಪಟ್ಟಿಗೆ ಬರುವುದಿಲ್ಲ. ಅವು ಸಣ್ಣವು, ನೋಡಲು ಸುಲಭ, ಆದ್ದರಿಂದ ಗೊತ್ತಿರಬೇಕು ಎಂಬ ಭಾವನೆ. ಗೊತ್ತಿರುವುದಿಲ್ಲ. ಇಡೀ ವಾಕ್ಯದ ಕೀಲು ಇರುವುದೇ ಅಲ್ಲಿ.

ಈ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಒಬ್ಬರು ತಲೆಗೆ ಹಚ್ಚಿಕೊಂಡಿದ್ದರು, ಅದೂ ನಮ್ಮ ಉಪಖಂಡದಲ್ಲೇ. ಮೈಕೆಲ್ ವೆಸ್ಟ್ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಇಂಗ್ಲಿಷ್ ಅಧಿಕಾರಿ. ಬಂಗಾಳದ ಹುಡುಗರು ವರ್ಷಗಟ್ಟಲೆ ಇಂಗ್ಲಿಷ್ ಕಲಿತು, ನಡುವೆ ಶಾಲೆ ಬಿಟ್ಟಾಗ ಕೈಯಲ್ಲಿ ಏನೂ ಉಳಿಯದಿರುವುದನ್ನು ಕಂಡು 1926ರ ವರದಿಯಲ್ಲಿ ಆತ ಒಂದು ಮಾತು ಬಳಸಿದ: ಸರೆಂಡರ್ ವ್ಯಾಲ್ಯೂ. ಎಲ್ಐಸಿ ಏಜೆಂಟರ ಬಾಯಲ್ಲಿ ಕೇಳಿದ್ದೇವಲ್ಲ, ಅದೇ. ಪಾಲಿಸಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಎಷ್ಟು ವಾಪಸ್ ಬರುತ್ತದೆ? ಹಾಗೆಯೇ, ಐದನೇ ಕ್ಲಾಸಿಗೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕಲಿತಷ್ಟು ಇಂಗ್ಲಿಷಿನಿಂದ ಏನು ಸಿಗುತ್ತದೆ? ವೆಸ್ಟ್ ಕಂಡ ಉತ್ತರ: ಬಹುಪಾಲು ಸೊನ್ನೆ. ಮುಂದೆಂದೋ ಉಪಯೋಗಕ್ಕೆ ಬರಲಿ ಎಂದು ಕೂಡಿಟ್ಟ ಅಪರೂಪದ ಪದಗಳು, ಇವತ್ತು ಒಂದು ಪುಟ ಓದಲಿಕ್ಕೂ ಸಾಲುತ್ತಿರಲಿಲ್ಲ.

ಮೊದಲು ಹೆಚ್ಚು ಬಳಕೆಯ ಪದಗಳನ್ನೇ ಕಲಿಸಬೇಕು ಎಂಬ ಹಟ ಆತನದು. 1935ರಲ್ಲಿ ಜೊತೆಗಾರನೊಬ್ಬನೊಡನೆ ತಂದ ವಿದ್ಯಾರ್ಥಿ ನಿಘಂಟಿನಲ್ಲಿ ಎಲ್ಲ ಪದಗಳ ವಿವರಣೆಯನ್ನೂ 1490 ಪದಗಳ ಒಳಗೇ ಬರೆದ. ಅರ್ಥ ಹೇಳುವ ಮಾತು ಕೇಳುವವನಿಗೆ ಗೊತ್ತಿರಬೇಕು ಎಂಬ, ನಮ್ಮ ಕೆಂಪು ಗೆರೆ ಮರೆತ, ಅದೇ ತತ್ತ್ವ. 1953ರಲ್ಲಿ ಸುಮಾರು 2000 ಪದಗಳ ಒಂದು ಪಟ್ಟಿ ಪ್ರಕಟಿಸಿದ. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ನೂರು ಪದ ಎಣಿಸಿದರೆ ಎಂಬತ್ತರ ಆಸುಪಾಸು ಆ ಎರಡು ಸಾವಿರದೊಳಗೇ ಬರುತ್ತವೆ.

ಎರಡು ಸಾವಿರ ಎಂದರೆ ಎಷ್ಟು? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು, ಆರರಿಂದ ಎಂಟಕ್ಕೆ 220 ದಿನ. ಒಂಬತ್ತು, ಹತ್ತನ್ನೂ ಸೇರಿಸಿಕೊಂಡರೆ ಎರಡು ಸಾವಿರ ದಿನ ದಾಟುತ್ತದೆ. ದಿನಕ್ಕೆ ಒಂದೇ ಒಂದು ಪದ! ವಾಟ್ಸಾಪಿನಲ್ಲಿ "ದಿನಕ್ಕೆ 50 ಪದ", "ಒಂದು ತಿಂಗಳಲ್ಲಿ 5000 ಪದ" ಎಂಬ ಪಿಡಿಎಫ್‌ಗಳು ಓಡಾಡುವ ಕಾಲದಲ್ಲಿ ಈ ಲೆಕ್ಕ ಹೇಳಿದರೆ ತಂದೆ-ತಾಯಿಗೆ ನಿರಾಸೆಯಾಗುತ್ತದೆ. ಇಷ್ಟೇನಾ? ಇಷ್ಟೇ. ಆದರೆ ಆ ಒಂದು ಪದ ಮರುದಿನವೂ, ಮರುವರ್ಷವೂ ತಲೆಯಲ್ಲಿ ಇರಬೇಕು.

ಎರಡು ಸಾವಿರಕ್ಕೇ ಕೆಲಸ ಮುಗಿಯಿತು ಎಂದರೆ ಅದೂ ಸುಳ್ಳು. ನೂರಕ್ಕೆ ಎಂಬತ್ತು ಎಂದರೆ ಡಿಸ್ಟಿಂಕ್ಷನ್‌ಗೆ ಹತ್ತಿರ ಎಂದುಕೊಳ್ಳುತ್ತೇವೆ. ಭಾಷೆಯಲ್ಲಿ ಹಾಗಲ್ಲ. ಈ ವಾಕ್ಯ ಓದಿ: "ಅಜ್ಜ ಬೆಳಿಗ್ಗೆ ಎದ್ದು ಡೊಗಟೆಗೆ ಹೋಗಿ, ಎರಡು ಕೊಡ ನೀರು ಮುರುಪಿ, ಎಮ್ಮೆಗೆ ತವುಡು ಹಾಕಿ, ಒಳಗೆ ಬಂದು ನೊಟಕಿದ." ಹದಿನೈದು ಪದಗಳಲ್ಲಿ ಮೂರು ನಾನು ಕಟ್ಟಿದವು, ಉಳಿದ ಹನ್ನೆರಡು ಅಪ್ಪಟ ಕನ್ನಡ. ಅಂದರೆ ನೂರಕ್ಕೆ ಎಂಬತ್ತು ನಿಮಗೆ ಗೊತ್ತು. ಅಜ್ಜ ಎಲ್ಲಿಗೆ ಹೋದ? ಕೊನೆಗೆ ಏನು ಮಾಡಿದ? ಮಲಗಿದನೋ, ಉಂಡನೋ, ಸತ್ತನೋ? ಇಂಗ್ಲಿಷ್ ಪುಟದ ಮುಂದೆ ನಮ್ಮ ಹುಡುಗರು ಪ್ರತಿದಿನ ಹೀಗೇ ಕೂತಿರುತ್ತಾರೆ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಶನ್ 2006ರಲ್ಲಿ ಕೊಟ್ಟ ಲೆಕ್ಕದಂತೆ, ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು. ಅದಕ್ಕೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕು. ಪದಕುಟುಂಬ ಎಂದರೆ ಒಂದೇ ಬೇರಿನ ಪದಗಳೆಲ್ಲ ಸೇರಿ ಒಂದು. ಓಟ, ಓಟಗಾರ, ಓಡಿಸು ಇದ್ದಂತೆ. ನಮ್ಮ "ಗಾರ" ಹೇಗೋ ಇಂಗ್ಲಿಷಿನ "ಅರ್" ಹಾಗೆ, ನಮ್ಮ "ತನ" ಹೇಗೋ ಅವರ "ನೆಸ್" ಹಾಗೆ. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಮಕ್ಕಳು ತಾವೇ ಕೂಡಿಸಿ ಬಿಡಿಸಿ ಆಡುತ್ತಾರೆ. ಒಂಬತ್ತು ಸಾವಿರವನ್ನು ಯಾವ ಶಾಲೆಯೂ ಬೋರ್ಡಿನ ಮೇಲೆ ಬರೆದು ಕಲಿಸಲಾರದು, ಅದು ಓದಿಯೇ ಬರಬೇಕು. ಎರಡು ಸಾವಿರ ಆ ಓದಿನ ಹೊಸ್ತಿಲು. ನಮ್ಮಲ್ಲಿ ಹೊಸ್ತಿಲು ದಾಟುವ ಮುಂಚೆಯೇ ಎಸ್ಎಸ್ಎಲ್‌ಸಿ ಮುಗಿದಿರುತ್ತದೆ.

ಪದವೊಂದಕ್ಕೆ ಅರ್ಥವೊಂದು ಎಂಬ ನಂಬಿಕೆಯೇ ಈ ಕೆಂಪು ಗೆರೆಯ ದೊಡ್ಡ ಮೋಸ. ಇಂಗ್ಲಿಷ್ ಪದಗಳ ಚಂಚಲತೆಯನ್ನು ಬಯ್ಯುವ ಮೊದಲು ನಮ್ಮದೇ "ಹಾಕು" ನೋಡಿ. ಅಂಗಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಲೈಟ್ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಓಟು ಹಾಕುತ್ತೇವೆ, ಸಹಿ ಹಾಕುತ್ತೇವೆ, ಕೇಸು ಹಾಕುತ್ತೇವೆ. ಗೌಳಿಗ ಮನೆಮನೆಗೆ ಹಾಲು ಹಾಕುತ್ತಾನೆ, ನಾಯಿ ಮರಿ ಹಾಕುತ್ತದೆ. ಇಂಗ್ಲಿಷಿನಲ್ಲಿ ಈ ಒಂಬತ್ತಕ್ಕೂ ಬೇರೆ ಬೇರೆ ಕ್ರಿಯಾಪದ. ಪಟ್ಟಿಯಲ್ಲಿ "ಪುಟ್ ಎಂದರೆ ಹಾಕು" ಎಂದು ಕಲಿತ ಹುಡುಗ "ಪುಟ್ ದಿ ಲೈಟ್" ಎನ್ನುತ್ತಾನೆ, "ಪುಟ್ ಸೈನ್" ಎನ್ನುತ್ತಾನೆ. ನಗುವವರು ನಗುತ್ತಾರೆ. ಅವನು ಪಟ್ಟಿಗೆ ಪ್ರಾಮಾಣಿಕನಾಗಿದ್ದಾನೆ, ಅಷ್ಟೆ.

ಉಲ್ಟಾ ದಿಕ್ಕಿನಲ್ಲೂ ಇದೇ ಕಾಟ. ನಮ್ಮ ಒಂದು "ನೋಡು" ಅವರಲ್ಲಿ ಸೀ, ಲುಕ್, ವಾಚ್ ಎಂದು ಮೂರಾಗುತ್ತದೆ. ಒಂದು "ಹೇಳು" ಸೇ, ಟೆಲ್ ಎಂದು ಒಡೆಯುತ್ತದೆ. ನಾವು ಭತ್ತ, ಅಕ್ಕಿ, ಅನ್ನ ಎಂದು ಬಿಡಿಸಿದ್ದನ್ನು ಅವರು ರೈಸ್ ಎಂದು ಒಂದೇ ಪಾತ್ರೆಗೆ ಸುರಿಯುತ್ತಾರೆ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಆಂಟಿ. ಸಾಲದ ವಿಷಯಕ್ಕೆ ಬಂದರೆ ಕೊಡುವುದಕ್ಕೊಂದು ಪದ, ಇಸಿದುಕೊಳ್ಳುವುದಕ್ಕೊಂದು ಪದ. ಲೆಂಡ್ ಯಾವುದು, ಬಾರೋ ಯಾವುದು ಎಂದು ನನಗೆ ಡಿಗ್ರಿ ಮುಗಿಯುವವರೆಗೂ ಗೊಂದಲವಿತ್ತು. ನಮ್ಮಲ್ಲಿ "ಸಾಲ" ಒಂದೇ, ಕೊಟ್ಟವನಾರು ತಗೊಂಡವನಾರು ಎಂಬುದನ್ನು ಜಗಳ ತೀರ್ಮಾನಿಸುತ್ತದೆ.

ಹಾಗಾದರೆ ಅರ್ಥದ ಜಾಗದಲ್ಲಿ ಏನು ಬರೆಯಬೇಕು? ಪದದ ಜೊತೆಗೆ ಅದರ ನೆಂಟರನ್ನು. "ಟೇಕ್" ಅಂತ ಒಂಟಿ ಪದ ಬರೆದರೆ "ತೆಗೆದುಕೋ" ಎಂಬ ಅರ್ಥ ಯಾವ ಕೆಲಸಕ್ಕೂ ಬರುವುದಿಲ್ಲ. "ಟೇಕ್ ಎ ಬಾತ್ – ಸ್ನಾನ ಮಾಡು", "ಟೇಕ್ ಕೇರ್ – ಹುಷಾರು", "ಟೇಕ್ ಟೈಮ್ – ಹೊತ್ತು ಹಿಡಿ" ಎಂದು ಜೋಡಿಯಾಗಿ ಬರೆದರೆ ಮೂರೂ ಬಾಯಿಗೆ ಬರುತ್ತವೆ. ಒಂದು ಪಾಠಕ್ಕೆ ಇಪ್ಪತ್ತೆಂಟು ಪದದ ಬದಲು ಆರು ಪದ ಹೀಗೆ ಕಲಿಸಿದರೆ ಸಾಕು.

ನಮ್ಮ ಮಕ್ಕಳು ಸೊನ್ನೆಯಿಂದ ಶುರು ಮಾಡುತ್ತಾರೆ ಎಂಬುದೂ ಸುಳ್ಳು. ಹೊಲದಲ್ಲಿ ಸ್ಟಾರ್ಟರ್, ಪೈಪು, ವಾಲ್ವು, ಸ್ಪ್ರೇ, ಲೋಡು. ಮನೆಯಲ್ಲಿ ಸ್ವಿಚ್ಚು, ಚಾರ್ಜರು, ಮಿಕ್ಸಿ. ಬಯಲಲ್ಲಿ ಔಟು, ಕ್ಯಾಚು, ಓವರು, ವೈಡು. ಕೂತು ಎಣಿಸಿದರೆ ಹಳ್ಳಿಯ ಮಗುವಿನ ಬಾಯಲ್ಲೂ ನೂರಾರು ಸಿಗುತ್ತವೆ. ಅವೆಲ್ಲ ಕೊನೆಗೊಂದು ಉಕಾರ ಅಂಟಿಸಿಕೊಂಡು ಕನ್ನಡದವೇ ಆಗಿಬಿಟ್ಟಿರುವುದರಿಂದ ಯಾವ ಶಿಕ್ಷಕರೂ ಅವನ್ನು ಇಂಗ್ಲಿಷ್ ಬಂಡವಾಳ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಓವರ್" ಎಂದರೆ ಆರು ಬಾಲು ಎಂದು ಗೊತ್ತಿರುವವನಿಗೆ "ಮುಗಿಯಿತು" ಎಂಬ ಅರ್ಥ ಒಂದು ಹೆಜ್ಜೆ ದೂರ, "ಮೇಲಿಂದ" ಎಂಬುದು ಇನ್ನೊಂದು ಹೆಜ್ಜೆ. ಹುಷಾರಾಗಿರಬೇಕಾದ ಕಡೆಯೂ ಇದೆ. ನಮ್ಮ "ಕರೆಂಟ್" ವಿದ್ಯುತ್ ಮಾತ್ರ, ಅವರ ಕರೆಂಟ್ ಹೊಳೆಯ ಸೆಳೆತವೂ ಹೌದು, ಸದ್ಯದ ಸಂಗತಿಯೂ ಹೌದು. ನಮ್ಮ "ಹೋಟೆಲ್"ನಲ್ಲಿ ಇಡ್ಲಿ ಸಿಗುತ್ತದೆ, ಹಾಸಿಗೆ ಸಿಗುವುದಿಲ್ಲ. ಒಬ್ಬನನ್ನು "ಲೂಸು" ಎಂದು ಬೈದರೆ ಅದು ಅಂಗಿಯ ಅಳತೆಯ ಮಾತಲ್ಲ. ಈ ಅಂತರಗಳನ್ನು ಕ್ಲಾಸಿನಲ್ಲಿ ಮಾತಾಡಿಸಿದರೆ ಒಂದು ಪೀರಿಯಡ್ ನಗುವಿನಲ್ಲೇ ಕಳೆಯುತ್ತದೆ, ಪದಗಳೂ ಉಳಿಯುತ್ತವೆ.

ನಿಜವಾದ ಏಟು ಬೀಳುವುದು ಪಿಯುಸಿ ವಿಜ್ಞಾನಕ್ಕೆ ಬಂದಾಗ. ಹತ್ತನೇ ತರಗತಿವರೆಗೆ "ದ್ಯುತಿಸಂಶ್ಲೇಷಣೆ" ಓದಿದವರಿಗೆ ಫೋಟೋಸಿಂಥೆಸಿಸ್ ಎಂಬ ಹೆಸರು ಬದಲಾದದ್ದೇ ಕಷ್ಟ ಎಂದು ಹೊರಗಿನವರು ತಿಳಿದಿದ್ದಾರೆ. ಪಾರಿಭಾಷಿಕ ಪದ ಎರಡು ವಾರದಲ್ಲಿ ಒಗ್ಗುತ್ತದೆ. ಉಪನ್ಯಾಸಕರು ಅದನ್ನು ಬಿಡಿಸಿ ಹೇಳುತ್ತಾರೆ, ಎಲ್ಲರಿಗೂ ಅದು ಹೊಸದು. ಯಾರೂ ಬಿಡಿಸಿ ಹೇಳದ ಪದಗಳು ಕೊಲ್ಲುತ್ತವೆ: ಅಸ್ಯೂಮ್, ಡಿರೈವ್, ವೇರಿ, ಅಕರ್, ರಿಕ್ವೈರ್. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ "ಎಕ್ಸೆಪ್ಟ್" ಎಂಬ ಒಂದೇ ಪದ ಹಾರಿಸಿ ಓದಿದರೆ ಸರಿ ಉತ್ತರವೇ ತಪ್ಪಾಗುತ್ತದೆ. "ರೆಸ್ಪೆಕ್ಟಿವ್ಲಿ" ಎಂಬಲ್ಲಿ ಗೌರವದ ಸುಳಿವು ಹುಡುಕಿದ ಹುಡುಗನೊಬ್ಬನನ್ನು ಬಲ್ಲೆ. ಕನ್ನಡದ ಗಣಿತದಲ್ಲಿ "ಕ್ರಮವಾಗಿ" ಎಂಬುದನ್ನು ಅವನು ನೂರು ಸಲ ಬಿಡಿಸಿದ್ದ. ಲೆಕ್ಕ ಗೊತ್ತಿತ್ತು, ಸೇತುವೆ ಇರಲಿಲ್ಲ. ವೆಲ್ಲಿಂಗ್ಟನ್ನಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ 2000ದಲ್ಲಿ, ಯಾವ ವಿಷಯದ ಪುಸ್ತಕ ತೆರೆದರೂ ಎದುರಾಗುವ ಇಂಥ 570 ಪದಕುಟುಂಬಗಳನ್ನು ಆರಿಸಿಟ್ಟಿದ್ದಾರೆ. ಎಸ್ಎಸ್ಎಲ್‌ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವಿನ ಬೇಸಿಗೆಯಲ್ಲಿ, ಪ್ರತಿಯೊಂದರ ಎದುರು ಕನ್ನಡ ಪಠ್ಯಪುಸ್ತಕದ ಅದೇ ಪದ ಕೂರಿಸಿ ಕೊಟ್ಟರೆ ಎಷ್ಟು ಮಕ್ಕಳು ವಿಜ್ಞಾನ ಬಿಟ್ಟು ಓಡುವುದು ತಪ್ಪೀತು! ಬ್ರಿಜ್ ಕೋರ್ಸ್ ಎಂದು ಹೆಸರಿಟ್ಟು ಎರಡು ದಿನ ಭಾಷಣ ಮಾಡಿಸುವುದಕ್ಕಿಂತ ಇದಕ್ಕೆ ಖರ್ಚು ಕಡಿಮೆ.

ನಮ್ಮ ಚರ್ಚೆ ಮಾತ್ರ ಬೇರೆ ಕಡೆ ಸಿಕ್ಕಿಕೊಂಡಿದೆ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು, ಆಮೇಲೆ ಆ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಪ್ರತಿ ಸಲವೂ ಜಗಳ ನಡೆದದ್ದು ಮಾಧ್ಯಮದ ಬಗ್ಗೆ. ಒಳಗೆ ಬಾಗಿಲು ಹಾಕಿಕೊಂಡ ಕ್ಲಾಸಿನಲ್ಲಿ ಯಾವ ಪದ, ಎಷ್ಟು, ಹೇಗೆ ಎಂದು ಕೇಳಿದವರು ಕಡಿಮೆ. ಬೋರ್ಡು ಬದಲಾಯಿತು, ಬೋರ್ಡಿನ ಮೇಲಿನ ಪಟ್ಟಿ ಬದಲಾಗಲಿಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ ಎಂಬುದೇ ಬೇಸರ. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ "ಬ್ಯಾಂಗಲೋರ್ ಪ್ರಾಜೆಕ್ಟ್" ಎಂದು ಒಂದು ಹೆಸರಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳ್ತನದಲ್ಲಿ ಬೆಂಗಳೂರು, ಮದ್ರಾಸ್ ಮುಂತಾದ ಕಡೆ ಸಾಮಾನ್ಯ ಶಾಲೆಗಳಲ್ಲೇ ನಡೆದ ಪ್ರಯೋಗ ಅದು. ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ ಇಡುವುದು, ನಕ್ಷೆ ಇಡುವುದು. ಇಂಥ ಹೊತ್ತಿಗೆ ಅಲ್ಲಿ ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು? ಮಗುವಿನ ತಲೆ ಲೆಕ್ಕದಲ್ಲಿ ಮುಳುಗಿರುವಾಗ ಅರೈವಲ್, ಡಿಪಾರ್ಚರ್, ಬಿಫೋರ್, ಆಫ್ಟರ್ ತಾವಾಗಿ ಒಳಗಿಳಿಯುತ್ತವೆ. ಟಾಸ್ಕ್ ಆಧಾರಿತ ಕಲಿಕೆ ಎಂದು ಲೋಕವೆಲ್ಲ ಮಾತಾಡುವಾಗ ನೆನೆಯುವುದು ಇದನ್ನೇ. ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ 1963ರಿಂದ ಬೆಂಗಳೂರಿನಲ್ಲಿ ಒಂದು ಪ್ರಾದೇಶಿಕ ಸಂಸ್ಥೆಯೂ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಇಷ್ಟು ನಿಷ್ಠೆಯಿಂದ ಪಾಲಿಸಬಾರದಿತ್ತು.

ಮರೆವಿನ ಬಗ್ಗೆ ಒಂದು ಮಾತು ಉಳಿದಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮೊದಲ ದಿನವೇ ಬಹುಪಾಲು ಸೋರಿಹೋಗುತ್ತದೆ. ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ನೆನೆದದ್ದು ನಿಲ್ಲುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಇಪ್ಪತ್ತೆಂಟು ಪದ ಮೊದಲ ಜಾತಿಗೆ ಸೇರಿದ್ದು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ ಡಬ್ಬಿಯ ಉಪಾಯ ಮನೆಯಲ್ಲೇ ಮಾಡಬಹುದು. ನಾನು ಅಕ್ಕನ ಮಗಳಿಗೆ ಮಾಡಿಕೊಟ್ಟೆ. ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿದೆವು, ಹಿಂದೆ ಖಾಲಿ ಇರುತ್ತದಲ್ಲ. ಒಂದು ಬದಿ ಪದ, ಇನ್ನೊಂದು ಬದಿ ಅವಳದೇ ಮಾತಿನಲ್ಲಿ ಅರ್ಥ. ಮೂರು ಬಳೆ ಡಬ್ಬಿ. ಮೊದಲನೆಯದು ದಿನಾ ತೆಗೆಯುವುದು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ಭಾನುವಾರ. ನೆನಪಾದರೆ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ಮರೆತರೆ ಮತ್ತೆ ಮೊದಲನೆಯದಕ್ಕೆ. ಚೀಟಿ ತಿರುಗಿಸುವ ಮೊದಲು ತಾನೇ ನೆನಪಿಸಿಕೊಳ್ಳಬೇಕು, ಕದ್ದು ನೋಡಿದರೆ ಆಟ ಕೆಟ್ಟಿತು. ಅವಳ ತಮ್ಮನಿಗೆ ಕಾವಲುಗಾರನ ಕೆಲಸ ಸಿಕ್ಕಿತು. ಅಕ್ಕ ತಪ್ಪಿದಾಗಲೆಲ್ಲ ಅವನಿಗೆ ಪರಮಾನಂದ, ಜೊತೆಗೆ ಅವನಿಗೂ ಒಂದಿಷ್ಟು ಪದ ಬಂದುಬಿಟ್ಟವು.

ನೋಟ್‌ಬುಕ್ಕಿನಲ್ಲಿ ಈಗ ಎರಡು ಗೆರೆ, ಮೂರು ಅಂಕಣ. ಮೂರನೆಯದರಲ್ಲಿ ಆ ಪದ ಹಾಕಿ ತಾನೇ ಒಂದು ವಾಕ್ಯ ಮಾಡಬೇಕು, ಅರ್ಧ ಕನ್ನಡವಾದರೂ ಅಡ್ಡಿಯಿಲ್ಲ ಎಂದು ಹೇಳಿ ಬಂದಿದ್ದೆ. ಹೋದ ವಾರ ಫೋಟೋ ತೆಗೆದು ಕಳಿಸಿದ್ದಾಳೆ. ರಿಲಕ್ಟೆಂಟ್ ಎದುರಿಗೆ ಬರೆದದ್ದು ಹೀಗಿದೆ: "ಮಳಿ ಹತ್ತಿದ್ರ ನಮ್ಮ ಎಮ್ಮಿ ಕೊಟಗಿ ಬಿಟ್ಟು ಹೊರಗ ಬರಾಕ ವೆರಿ ರಿಲಕ್ಟೆಂಟ್."